ಒಲ್ಲೆನೆನ್ನುವ ಧೈರ್ಯವೂ ಒಬ್ಬ ಜೊತೆಗಾರನೂ

ನಮ್ಮ ನಾಡಿನ ಯಾವ ಪದವಿಪೂರ್ವ ಕಾಲೇಜಿನ ಮುಂದೆ ಸಂಜೆಯ ವೇಳೆಗೆ ನಿಂತು ನೋಡಿದರೂ, ಗುಂಪುಗುಂಪಾಗಿ ಹೊರಬರುವ ಹುಡುಗರ ಕ್ಷೌರ ಒಂದೇ ಮಾದರಿಯದಾಗಿರುವುದೂ, ಒಬ್ಬನ ಬಾಯಿಂದ ಹೊರಟ ಹೊಸ ಮಾತು ಆ ವಾರ ಎಲ್ಲರ ಬಾಯಲ್ಲಿಯೂ ಸುಳಿದಾಡುವುದೂ, ಹುಡುಗಿಯರ ಗುಂಪಿನಲ್ಲಿ ಛಾಯಾಚಿತ್ರಕ್ಕಾಗಿ ತುಟಿಯನ್ನು ಒಂದೇ ರೀತಿಯಾಗಿ ಓರೆ ಮಾಡಿ ನಿಲ್ಲುವುದೂ ಕಣ್ಣಿಗೆ ಬೀಳುತ್ತವೆ. ಇವುಗಳನ್ನು ಕಂಡು ಹಿರಿಯರು ಮೂಗು ಮುರಿಯಬೇಕಾದ ಕಾರಣವೇನೂ ಇಲ್ಲ. ವೇಷಭೂಷಣಗಳಲ್ಲಿ ಒಬ್ಬರನ್ನೊಬ್ಬರು ಅನುಕರಿಸುವುದು ಎಲ್ಲ ಕಾಲದ ತರುಣರ ನಿರಪಾಯವಾದ ವಿನೋದ. ಆದರೆ ಅದೇ ಗುಂಪಿನೊಳಗೆ, ಅದೇ ಸಂಜೆ, "ಮಗಾ, ಒಂದ್ಸಲ ಅಷ್ಟೇ, ಎಲ್ರೂ ಮಾಡ್ತಾರೆ" ಎಂಬ ಮಾತಿನೊಡನೆ ಸಿಗರೇಟೊಂದು ಕೈಯಿಂದ ಕೈಗೆ ದಾಟುವಾಗ, ಅಥವಾ ಚೆನ್ನಾಗಿ ಓದುವ ಹುಡುಗನೊಬ್ಬನು 'ಕುಡುಮಿ' ಎಂಬ ಹೆಸರು ತನಗೆ ಅಂಟೀತೆಂಬ ಭಯದಿಂದ ಗೊತ್ತಿದ್ದ ಉತ್ತರವನ್ನು ತರಗತಿಯಲ್ಲಿ ಹೇಳದೆ ತಲೆ ತಗ್ಗಿಸಿ ಕುಳಿತಾಗ, ವಿನೋದವು ಕೊನೆಗೊಂಡು ಬೇರೊಂದು ವ್ಯಾಪಾರವು ಆರಂಭವಾಗಿರುತ್ತದೆ. ಅಲ್ಲಿ ಒಂದು ಎಳೆಯ ಮನಸ್ಸು ತನಗೆ ಸರಿಯೆಂದು ತೋರಿದುದನ್ನು ಇತರರ ದೃಷ್ಟಿಗೆ ಅಂಜಿ ಬಿಟ್ಟುಕೊಡುತ್ತಿರುತ್ತದೆ.

ಸಹವಾಸದೋಷದಿಂದ ಸನ್ಯಾಸಿ ಕೆಟ್ಟನೆಂಬ ಗಾದೆಯನ್ನು ಹೇಳಿ ಇಂತಹ ಸಂಗತಿಗಳನ್ನು ಮುಗಿಸಿಬಿಡುವುದು ನಮ್ಮಲ್ಲಿ ವಾಡಿಕೆ. ಕೆಟ್ಟವನೊಬ್ಬನು ಒಳ್ಳೆಯವನೊಬ್ಬನನ್ನು ಕೆಡಿಸಿದನೆಂಬ ಈ ವಿವರಣೆ ಮಕ್ಕಳ ತಂದೆತಾಯಿಗಳಿಗೆ ಸಮಾಧಾನವನ್ನು ಕೊಡಬಹುದಾದರೂ, ನಡೆಯುವುದು ಅಷ್ಟು ಸರಳವಾಗಿ ನಡೆಯುವುದಿಲ್ಲ. ಇದಕ್ಕೆ ನಮ್ಮ ದೇಶದಲ್ಲಿಯೇ, ಸ್ವತಃ ಅನುಭವಿಸಿದವರೇ ಬರೆದಿಟ್ಟ ಸಾಕ್ಷ್ಯವೊಂದುಂಟು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಅನುವಾದದಿಂದಾಗಿ ಕನ್ನಡಿಗರಿಗೆ ಚಿರಪರಿಚಿತವಾಗಿರುವ ಗಾಂಧೀಜಿಯವರ ಆತ್ಮಕಥೆಯೇ ಅದು. ರಾಜಕೋಟೆಯ ಹೈಸ್ಕೂಲಿನಲ್ಲಿ ಅವರ ಮೊದಲನೆಯ ವರ್ಷ, ಜೈಲ್ಸ್ ಎಂಬ ಇನ್‌ಸ್ಪೆಕ್ಟರು ಬಂದು ಐದು ಇಂಗ್ಲಿಷ್ ಪದಗಳನ್ನು ಬರೆಯಹೇಳಿದಾಗ, ಬಾಲಕ ಮೋಹನದಾಸನು 'ಕೆಟ್ಲ್' ಎಂಬ ಪದವನ್ನು ತಪ್ಪಾಗಿ ಬರೆದನು. ಉಪಾಧ್ಯಾಯರು ಬೂಟುಗಾಲಿನ ತುದಿಯಿಂದ ಸನ್ನೆ ಮಾಡಿ ಪಕ್ಕದವನ ಸ್ಲೇಟನ್ನು ನೋಡೆಂದು ಸೂಚಿಸಿದರೂ, ನಕಲು ಮಾಡದಂತೆ ಕಾಯುವುದಕ್ಕಾಗಿಯೇ ನಿಂತಿರುವ ಗುರುಗಳು ನಕಲು ಮಾಡಹೇಳುವರೆಂಬ ಭಾವನೆಯೇ ಆ ಹುಡುಗನಲ್ಲಿ ಹುಟ್ಟಲಿಲ್ಲ. ತರಗತಿಯಲ್ಲಿ ಮಿಕ್ಕವರೆಲ್ಲರೂ ಸರಿಯಾಗಿ ಬರೆದು ಅವನೊಬ್ಬನೇ ದಡ್ಡನೆನಿಸಿಕೊಂಡನು.

ಉಪಾಧ್ಯಾಯರ ಅಧಿಕಾರಕ್ಕೂ ಇಡೀ ತರಗತಿಯ ಉದಾಹರಣೆಗೂ ಬಾಗದ ಆ ಬಾಲಕನೇ ಮುಂದೆ ಕೆಲವು ವರ್ಷಗಳಲ್ಲಿ ಒಬ್ಬ ಗೆಳೆಯನ ಮಾತಿಗೆ ಬಾಗಿದನು. ಆ ಗೆಳೆಯನು ಮೊದಲು ಮೋಹನದಾಸನ ಅಣ್ಣನಿಗೆ ಸ್ನೇಹಿತನಾಗಿದ್ದವನು; ವೇಗವಾಗಿ ಓಡಬಲ್ಲವನು, ಎತ್ತರಕ್ಕೆ ನೆಗೆಯಬಲ್ಲವನು. ಮೋಹನದಾಸನಾದರೋ ಕಳ್ಳರು, ಭೂತಗಳು, ಹಾವುಗಳೆಂದರೆ ನಡುಗಿ ದೀಪವಿಲ್ಲದೆ ಮಲಗಲಾರದವನು. ಇಂಗ್ಲಿಷರು ನಮ್ಮನ್ನು ಆಳುತ್ತಿರುವುದು ಮಾಂಸಾಹಾರದ ಬಲದಿಂದಲೇ ಎಂದು ಗೆಳೆಯನು ವಾದಿಸಿದನು. ಆದರೆ ಆ ವಾದಕ್ಕೆ ಮೊನಚು ಬಂದದ್ದು ಆ ತರ್ಕವೊಂದರಿಂದಲೇ ಅಲ್ಲ. ನಮ್ಮ ಉಪಾಧ್ಯಾಯರಲ್ಲಿ ಅನೇಕರು ಗುಟ್ಟಾಗಿ ಮಾಂಸ ಮದ್ಯಗಳನ್ನು ಸೇವಿಸುತ್ತಾರೆ, ರಾಜಕೋಟೆಯ ಗಣ್ಯರಲ್ಲಿಯೂ ಹಲವರು ಸೇವಿಸುತ್ತಾರೆ, ಹೈಸ್ಕೂಲಿನ ಹುಡುಗರಲ್ಲಿಯೂ ಕೆಲವರುಂಟು ಎಂದು ಅವನು ಹೆಸರುಗಳನ್ನು ಒಂದೊಂದಾಗಿ ಎಣಿಸಿದಾಗ ವೈಷ್ಣವ ಮನೆತನದ ಆ ಹುಡುಗನ ನಿಲುವು ಸಡಿಲವಾಯಿತು. ನದಿಯ ಬಳಿಯ ನಿರ್ಜನ ಸ್ಥಳದಲ್ಲಿ ತಿಂದ ಮೇಕೆಯ ಮಾಂಸ ಚರ್ಮದಂತೆ ಗಟ್ಟಿಯಾಗಿತ್ತು. ಅಂದಿನ ರಾತ್ರಿ ಹೊಟ್ಟೆಯೊಳಗೆ ಜೀವಂತ ಮೇಕೆಯೊಂದು ಅರಚಿದಂತಾಗಿ ನಿದ್ರೆ ಕೆಟ್ಟಿತು. ಆದರೂ ಒಂದು ವರ್ಷದ ಅವಧಿಯಲ್ಲಿ ಐದಾರು ಬಾರಿ ಅದೇ ನಡೆಯಿತು. ಕೊನೆಗೆ ಅದನ್ನು ನಿಲ್ಲಿಸಿದುದು ತಾಯಿಗೆ ಸುಳ್ಳು ಹೇಳಬೇಕಾಗಿ ಬಂದ ವ್ಯಥೆ.

ಈ ವೃತ್ತಾಂತದಲ್ಲಿ ನಾನು ಬಹುವಾಗಿ ಚಿಂತಿಸಿರುವುದು ಮಾಂಸದ ಪ್ರಶ್ನೆಯನ್ನಲ್ಲ; ಅನೇಕರು ಹುಟ್ಟಿನಿಂದ ಉಣ್ಣುವ ಆಹಾರದಲ್ಲಿ ದೋಷವೇನಿದೆ? 'ಎಲ್ಲರೂ ಹಾಗೆ ಮಾಡುತ್ತಾರೆ, ನಿನಗೆ ಮಾತ್ರ ಗೊತ್ತಿಲ್ಲ' ಎಂಬ ಮಾತಿಗೆ ಎಷ್ಟು ಶಕ್ತಿಯಿದೆಯೆಂಬುದೇ ಇಲ್ಲಿಯ ವಿಚಾರ. 1880ರ ದಶಕದ ರಾಜಕೋಟೆಯಲ್ಲಿ ಮೊಬೈಲು ಇರಲಿಲ್ಲ, ಸಿನಿಮಾ ಇರಲಿಲ್ಲ. ಆದರೂ ಇಂದು ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಹದಿನಾರರ ಹುಡುಗನೊಬ್ಬನನ್ನು ಬಗ್ಗಿಸುವ ಅಸ್ತ್ರವೇ ಅಂದೂ ಬಳಕೆಯಲ್ಲಿತ್ತು.

ಈ ಅಸ್ತ್ರದ ಬಲವನ್ನು ಅಳೆದು ನೋಡಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಪ್ರಮುಖರು. 1950ರ ದಶಕದಲ್ಲಿ ಅವರು ಕಾಲೇಜು ವಿದ್ಯಾರ್ಥಿಗಳ ಸಣ್ಣ ಗುಂಪುಗಳನ್ನು ಕೂರಿಸಿ, ಒಂದು ಕಾರ್ಡಿನ ಮೇಲೆ ಒಂದು ಗೆರೆಯನ್ನೂ ಇನ್ನೊಂದರ ಮೇಲೆ ಮೂರು ಗೆರೆಗಳನ್ನೂ ತೋರಿಸಿ, ಮೂರರಲ್ಲಿ ಯಾವುದು ಮೊದಲನೆಯದರಷ್ಟೇ ಉದ್ದವೆಂದು ಒಬ್ಬೊಬ್ಬರಿಂದಲೂ ಗಟ್ಟಿಯಾಗಿ ಹೇಳಿಸಿದರು. ಕಣ್ಣಿದ್ದವರಾರೂ ತಪ್ಪಲಾರದ ಪ್ರಶ್ನೆ. ಆದರೆ ಗುಂಪಿನಲ್ಲಿ ಒಬ್ಬನ ಹೊರತು ಉಳಿದವರೆಲ್ಲರೂ ಮೊದಲೇ ಸಂಕೇತ ಮಾಡಿಕೊಂಡು ಬಂದವರಾಗಿದ್ದು, ಹದಿನೆಂಟು ಸರದಿಗಳಲ್ಲಿ ಹನ್ನೆರಡರಲ್ಲಿ ಎಲ್ಲರೂ ಒಂದೇ ತಪ್ಪು ಉತ್ತರವನ್ನು ಹೇಳುತ್ತಿದ್ದರು. ಸಂಗತಿಯನ್ನರಿಯದ ಆ ಒಬ್ಬನು ತನ್ನ ಸರದಿ ಬಂದಾಗ ಕಣ್ಣನ್ನು ನಂಬಬೇಕೋ ಗುಂಪನ್ನು ನಂಬಬೇಕೋ ಎಂಬ ಸಂದಿಗ್ಧಕ್ಕೆ ಸಿಲುಕಿ, ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಪಾಲು ಸಂದರ್ಭಗಳಲ್ಲಿ ಗುಂಪಿನ ತಪ್ಪನ್ನೇ ತಾನೂ ಉಚ್ಚರಿಸಿದನು. ಹಾಗೆ ಪರೀಕ್ಷೆಗೊಳಗಾದವರಲ್ಲಿ ಸುಮಾರು ಕಾಲು ಭಾಗದವರು ಮಾತ್ರ ಒಮ್ಮೆಯೂ ಬಾಗದೆ ಉಳಿದರು.

ಇಷ್ಟನ್ನು ಮಾತ್ರ ಕೇಳಿದವರು ಮನುಷ್ಯಸ್ವಭಾವದ ದೌರ್ಬಲ್ಯಕ್ಕಾಗಿ ನಿಟ್ಟುಸಿರು ಬಿಡುವುದುಂಟು. ಆದರೆ ಆಶ್ ಅವರ ಪ್ರಯೋಗಗಳ ಉತ್ತರಾರ್ಧ ಅದಕ್ಕಿಂತ ಅಮೂಲ್ಯವಾದುದು. ಎದುರಿಗೆ ಒಬ್ಬನೇ ಇದ್ದಾಗ ಒತ್ತಡವು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇಬ್ಬರಾದಾಗ ತಕ್ಕಮಟ್ಟಿಗೆ ಕಾಣಿಸಿಕೊಂಡು, ಮೂವರಾದಾಗ ಬಹುಮಟ್ಟಿಗೆ ಪೂರ್ಣವಾಗುತ್ತದೆ. ಅಲ್ಲಿಂದ ಮುಂದೆ ಗುಂಪು ಎಷ್ಟು ದೊಡ್ಡದಾದರೂ ಅದು ಹೆಚ್ಚೇನೂ ಬೆಳೆಯುವುದಿಲ್ಲ. ಎಂದರೆ, ಒಬ್ಬ ಹುಡುಗನ ಪಾಲಿಗೆ 'ಎಲ್ಲರೂ' ಆಗುವುದಕ್ಕೆ ಮೂವರೇ ಸಾಕು. ಇನ್ನೊಂದು ಬಗೆಯ ಪ್ರಯೋಗದಲ್ಲಿ ಗುಂಪಿನೊಳಗೆ ಕೇವಲ ಒಬ್ಬನು ಸತ್ಯವನ್ನು ಹೇಳುವಂತೆ ಏರ್ಪಡಿಸಿದಾಗ, ಒಂಟಿಯಾಗಿದ್ದವನ ತಪ್ಪುಗಳು ಹಿಂದಿನ ಕಾಲು ಭಾಗಕ್ಕೆ ಇಳಿದವು. ಆ ಜೊತೆಗಾರನು ನಡುವೆ ಎದ್ದು ಕೊಠಡಿಯಿಂದ ಹೊರಟುಹೋದರೂ ಅವನು ಕೊಟ್ಟ ಧೈರ್ಯ ಬಹುಮಟ್ಟಿಗೆ ಉಳಿಯುತ್ತಿತ್ತು. ಆದರೆ ಅವನು ಪಕ್ಷ ಬದಲಿಸಿ ಗುಂಪಿನ ಕಡೆಗೆ ಸೇರಿಕೊಂಡರೆ ಆ ಧೈರ್ಯ ಕುಸಿದುಬೀಳುತ್ತಿತ್ತು. ಈ ವ್ಯತ್ಯಾಸವನ್ನು ಮಕ್ಕಳೊಡನೆ ಬಾಳುವ ಪ್ರತಿಯೊಬ್ಬರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂಟಿಯಾದವನನ್ನು ಸೋಲಿಸುವುದು ಗುಂಪಿನ ಗಾತ್ರವಲ್ಲ, ಅದರ ಏಕಕಂಠ. ಆ ಕಂಠದಲ್ಲಿ ಒಂದೇ ಒಂದು ಬಿರುಕು ಬಿಟ್ಟರೂ ಅವನು ಉಸಿರಾಡಬಲ್ಲನು.

ಆ ಏಕಕಂಠವಾದರೂ ನಿಜವಾದುದೇ? 1993ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಅವರು ಅಲ್ಲಿಯ ವಿದ್ಯಾರ್ಥಿಗಳ ಕುಡಿತದ ಬಗ್ಗೆ ವಿಚಾರಿಸಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತನಗೆ ಈ ರೂಢಿ ಅಷ್ಟಾಗಿ ಹಿಡಿಸದು, ಆದರೆ ಉಳಿದವರಿಗೆ ಇದು ಒಪ್ಪಿಗೆಯಾಗಿದೆಯೆಂದೇ ವಿದ್ಯಾರ್ಥಿಗಳು ಸಾಮಾನ್ಯವಾಗಿ ನಂಬಿದ್ದರು. ಉಳಿದವರೂ ಹೀಗೆಯೇ ನಂಬಿದ್ದರೆಂಬುದು ಪರಸ್ಪರ ಗೊತ್ತಿರಲಿಲ್ಲ. ಪ್ರತಿಯೊಬ್ಬನೂ ತನ್ನ ಅಸಮಾಧಾನವನ್ನು ಬಚ್ಚಿಟ್ಟುಕೊಂಡು ಇತರರ ನಗುಮುಖವನ್ನು ನಿಜವೆಂದು ಭಾವಿಸಿದರೆ, ಯಾರಿಗೂ ಬೇಡವಾದ ಪದ್ಧತಿಯೊಂದು ಎಲ್ಲರ ಹೆಸರಿನಲ್ಲಿ ಬಹುಕಾಲ ಬಾಳಬಲ್ಲದು. ಹುಟ್ಟುಹಬ್ಬದ ದಿನ ಕೇಕನ್ನು ತಿನ್ನದೆ ಮುಖಕ್ಕೆಲ್ಲ ಬಳಿಯುವ ಈಚಿನ ಸಂಪ್ರದಾಯವನ್ನು ನೋಡಿದಾಗಲೆಲ್ಲ, ಕಣ್ಣಿಗೆ ಕೆನೆ ಮೆತ್ತಿಕೊಂಡು ಬಲವಂತವಾಗಿ ನಗುತ್ತ ನಿಂತ ಆ ಮಗುವಿಗಾಗಲಿ, ಬಳಿದ ಗೆಳೆಯರಲ್ಲಿ ಅರ್ಧದಷ್ಟು ಜನಕ್ಕಾಗಲಿ ಅದು ನಿಜವಾಗಿ ಇಷ್ಟವೇ ಎಂಬ ಸಂದೇಹ ನನ್ನನ್ನು ಬಿಡುವುದಿಲ್ಲ.

ಹರೆಯದವರಲ್ಲಿ ಈ ಒತ್ತಡ ಹಿರಿಯರಲ್ಲಿಗಿಂತ ಪ್ರಬಲವಾಗಿ ಕೆಲಸಮಾಡುವುದಕ್ಕೆ ವಯೋಧರ್ಮವೂ ಕಾರಣ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರು ಓಡಿಸುವ ಒಂದು ಕಂಪ್ಯೂಟರ್ ಆಟವನ್ನು ಬೇರೆಬೇರೆ ವಯಸ್ಸಿನವರಿಂದ ಒಂಟಿಯಾಗಿಯೂ ಸಂಗಡಿಗರ ಎದುರಿನಲ್ಲಿಯೂ ಆಡಿಸಿದರು. ಗೆಳೆಯರು ನೋಡುತ್ತಿದ್ದಾಗ ಹದಿಮೂರರಿಂದ ಹದಿನಾರರವರು ಕೈಗೊಂಡ ಅಪಾಯಗಳು ಒಂಟಿಯಾಗಿದ್ದಾಗಿನ ಎರಡರಷ್ಟಾದವು. ಇಪ್ಪತ್ತನಾಲ್ಕು ದಾಟಿದವರಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮನೆಯಲ್ಲಿ ವಿವೇಕಿಯಾಗಿ ತೋರುವ ಮಗನು ಹೆದ್ದಾರಿಯಲ್ಲಿ ಬೈಕಿನ ಮುಂದಿನ ಗಾಲಿಯನ್ನೆತ್ತಿ ವೀಲಿಂಗ್ ಮಾಡಿದನೆಂದು ಪೋಲೀಸರು ಹೇಳಿದಾಗ "ನಮ್ಮ ಹುಡುಗ ಅಂಥವನಲ್ಲ ಸಾರ್" ಎನ್ನುವ ತಂದೆ ಸುಳ್ಳು ಹೇಳುತ್ತಿರುವುದಿಲ್ಲ. ಒಂಟಿಯಾಗಿದ್ದಾಗ ಆ ಹುಡುಗ ನಿಜವಾಗಿಯೂ ಅಂಥವನಲ್ಲ. ಆದರೆ ಅಪ್ರಾಪ್ತವಯಸ್ಕನ ಕೈಗೆ ಬೈಕು ಬಂದದ್ದು ಗೆಳೆಯರಿಂದಲ್ಲ, ಮನೆಯಿಂದ. 2019ರ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯ ಪ್ರಕಾರ ಅಂತಹ ಅಪರಾಧಕ್ಕೆ ಪೋಷಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷಗಳವರೆಗಿನ ಸೆರೆಮನೆಯೂ ಉಂಟೆಂಬುದನ್ನು ಅನೇಕರು ದುರಂತ ನಡೆದ ಮೇಲೆ ಅರಿಯುತ್ತಾರೆ.

ಹಿಂದಿನ ಕಾಲದಲ್ಲಿ ಶಾಲೆಯ ಗಂಟೆ ಬಾರಿಸಿದ ಮೇಲೆ ಗುಂಪು ಚದರುತ್ತಿತ್ತು. ಹುಡುಗನಿಗೋ ಹುಡುಗಿಗೋ ಮನೆಗೆ ಬಂದು, ಅಜ್ಜಿಯ ಪಕ್ಕದಲ್ಲಿ ಕುಳಿತು, ಆ ದಿನದ ಅವಮಾನವನ್ನು ಮರೆಯಲು ಅವಕಾಶವಿತ್ತು. ಈಗ ಗುಂಪು ಜೇಬಿನೊಳಗೇ ಕುಳಿತು ಮನೆಗೆ ಬರುತ್ತದೆ. ನಡುರಾತ್ರಿಯಲ್ಲಿ ಬಂದ ಸಂದೇಶಕ್ಕೆ ಉತ್ತರ ಕೊಡದಿದ್ದರೆ ಮರುದಿನ ಮುನಿಸು. ತಾನು ಹಾಕಿದ ಚಿತ್ರಕ್ಕೆ ಎಷ್ಟು ಲೈಕು ಬಂತು, ಗೆಳತಿಯ ಚಿತ್ರಕ್ಕೆ ಎಷ್ಟು ಬಂತು ಎಂಬುದು ಅಂಕಿಗಳಲ್ಲಿಯೇ ಎಲ್ಲರಿಗೂ ಕಾಣುತ್ತದೆ. ಬಸ್ಸಿನಲ್ಲಿ ಹೆಡ್‌ಫೋನಿಲ್ಲದೆ ರೀಲ್ಸಿನ ಒಂದೇ ಹಾಡಿನ ತುಣುಕನ್ನು ಮತ್ತೆ ಮತ್ತೆ ಮೊಳಗಿಸುವುದು, ಮದುವೆಯ ಪಂಕ್ತಿಯಲ್ಲಿ ಎಲೆಗೆ ಬಡಿಸಿದ್ದನ್ನು ಉಣ್ಣುವ ಮೊದಲು ಚಿತ್ರ ತೆಗೆಯುವುದು, ತೀರಿಕೊಂಡವರ ಮನೆಯಲ್ಲಿಯೂ ಮೊಬೈಲನ್ನು ಎತ್ತಿ ಹಿಡಿಯುವುದು, ಇವೆಲ್ಲ ನಿತ್ಯಜೀವನದಲ್ಲಿ ನಮ್ಮನ್ನು ಕೆರಳಿಸುವ ಕಿರುಕುಳಗಳೇ ಸರಿ. ಆದರೆ ಇವುಗಳನ್ನು ಮಾಡುವವರಲ್ಲಿ ನರೆತ ಕೂದಲಿನವರೂ ಕಡಿಮೆಯಿಲ್ಲದಿರುವಾಗ ಮಕ್ಕಳನ್ನು ಮಾತ್ರ ದೂರುವುದು ಅನ್ಯಾಯ. ಹದಿನಾರು ತುಂಬದವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಆಸ್ಟ್ರೇಲಿಯ ದೇಶ ಮಾಡಿದ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿತು. ಅಂತಹ ನಿಯಮದಿಂದ ಮಕ್ಕಳಿಗೆ ರಾತ್ರಿಯ ನಿದ್ರೆಯಾದರೂ ಮರಳಿ ದೊರೆತರೆ ಅದು ಸ್ವಾಗತಾರ್ಹವೇ; ಆದರೆ ನದಿಯ ಬಳಿಯ ಆ ನಿರ್ಜನ ಸ್ಥಳಕ್ಕೆ ಮೋಹನದಾಸನನ್ನು ಕರೆದೊಯ್ದ ಮಾತನ್ನು ಯಾವ ಕಾನೂನೂ ತಡೆಯಲಾರದು.

ಹಿರಿಯರು ಆತ್ಮಪರೀಕ್ಷೆ ಮಾಡಿಕೊಳ್ಳಬೇಕಾದ ಇನ್ನೊಂದು ವಿಷಯವುಂಟು. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರದಲ್ಲಿ, ಇತಿಹಾಸವನ್ನೋ ಸಂಗೀತವನ್ನೋ ಪ್ರೀತಿಸುವ ಮಗಳನ್ನು "ಎಲ್ಲರೂ ಸೈನ್ಸೇ ತಗೊಳ್ಳೋದು, ನಾವು ಆರ್ಟ್ಸಿಗೆ ಸೇರಿಸಿದ್ರೆ ಜನ ಏನಂದಾರು" ಎಂದು ಒತ್ತಾಯಿಸಿ ವಿಜ್ಞಾನ ವಿಭಾಗಕ್ಕೂ, ಅದರೊಡನೆ ದುಬಾರಿ ಕೋಚಿಂಗಿಗೂ ಸೇರಿಸುವ ತಂದೆತಾಯಿಗಳು, ಆ ಮಗಳು ಮುಂದೆ ಗೆಳತಿಯರೆದುರು ತನ್ನ ಮನಸ್ಸಿನಂತೆ ನಡೆಯಲಿಲ್ಲವೆಂದು ಯಾವ ಬಾಯಿಂದ ಆಕ್ಷೇಪಿಸಬಲ್ಲರು? ನೆರೆಯವರ ಮಾತಿಗೆ ಅಂಜಿ ಸಾಲ ಮಾಡಿ ಮದುವೆ ಮಾಡುವ ಮನೆಯಲ್ಲಿ ಬೆಳೆದ ಮಗುವಿಗೆ ಗುಂಪಿಗೆ ಅಂಜಬೇಡವೆಂಬ ಉಪದೇಶ ಹತ್ತುವುದು ಕಷ್ಟ.

ಹಾಗೆಂದು ನಿರಾಶರಾಗಬೇಕಾಗಿಲ್ಲ. ಸ್ಟೈನ್‌ಬರ್ಗ್ ಅವರೇ ಕ್ಯಾಥರಿನ್ ಮೊನಹನ್ ಅವರೊಡನೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಂಗಡಿಗರ ಪ್ರಭಾವವನ್ನು ತಡೆದು ನಿಲ್ಲುವ ಶಕ್ತಿ ಹದಿನಾಲ್ಕರಿಂದ ಹದಿನೆಂಟರವರೆಗೆ ಕ್ರಮವಾಗಿ ಬೆಳೆಯುತ್ತ ಹೋಗುತ್ತದೆ. ಆ ನಾಲ್ಕು ವರ್ಷಗಳನ್ನು ದೊಡ್ಡ ಪೆಟ್ಟಿಲ್ಲದೆ ದಾಟಿಸುವುದು ಮನೆಯವರ ಕೆಲಸ. "ನಮ್ಮಪ್ಪ ಬೈತಾರೆ ಕಣೋ" ಎಂಬ ನೆಪವನ್ನು ಮಗ ಗೆಳೆಯರೆದುರು ಬಳಸಿಕೊಂಡರೆ ಅಪ್ಪ ಅದನ್ನು ಸಂತೋಷದಿಂದ ಹೊತ್ತುಕೊಳ್ಳಲಿ. ಮಗನ ಮಾನ ಉಳಿದು ಅವನು ಅಪಾಯದಿಂದ ಪಾರಾಗುವುದಾದರೆ ಅಪ್ಪನಿಗೆ ಸಿಡುಕನೆಂಬ ಹೆಸರು ಬಂದರೇನು? ಹೊತ್ತಲ್ಲದ ಹೊತ್ತಿನಲ್ಲಿ "ಇಲ್ಲಿಂದ ಕರ್ಕೊಂಡು ಹೋಗಮ್ಮ" ಎಂದು ಮಗಳು ಫೋನು ಮಾಡಿದರೆ, ಹೋಗಿ ಕರೆತರಬೇಕು, ವಿಚಾರಣೆ ಮರುದಿನಕ್ಕಿರಲಿ. ಮನೆಯವರೆದುರು ಹೇಳಲಾಗದ ಸಂಕಟವನ್ನು ಹೇಳಿಕೊಳ್ಳುವುದಕ್ಕೆ ಸರ್ಕಾರದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ. ಆ ಸಂಖ್ಯೆ ಪ್ರತಿಯೊಂದು ಶಾಲೆಯ ಗೋಡೆಯ ಮೇಲೂ ಇರಬೇಕು.

ಇದನ್ನು ಓದುತ್ತಿರುವವರಲ್ಲಿ ಹದಿನಾರು ಹದಿನೇಳರ ವಯಸ್ಸಿನವರಿದ್ದರೆ ಅವರಲ್ಲಿ ನನ್ನ ಒಂದು ಪ್ರಾರ್ಥನೆ. ಮೊದಲು ಎದ್ದು ನಿಂತು ಒಲ್ಲೆನೆನ್ನುವುದು ಎಲ್ಲರಿಗೂ ಸಾಧ್ಯವಾಗುವ ಕಾರ್ಯವಲ್ಲ. ಅದನ್ನು ನಿಮ್ಮಿಂದ ನಿರೀಕ್ಷಿಸುವುದೂ ಸರಿಯಲ್ಲ. ಆದರೆ ನಿಮ್ಮ ಗುಂಪಿನಲ್ಲಿ ಬೇರೊಬ್ಬನು ಹಾಗೆಂದಾಗ, ನಿಮ್ಮ ಮನಸ್ಸಿನಲ್ಲಿಯೂ ಅದೇ ಇದ್ದರೆ, "ನಂಗೂ ಬೇಡ" ಎಂಬ ಎರಡೇ ಮಾತನ್ನು ಅಲ್ಲಿಯೇ, ಎಲ್ಲರೂ ಕೇಳುವಂತೆ ಹೇಳಿಬಿಡಿ. ಸಂಜೆ ಬಸ್ಸಿನಲ್ಲಿ ಅವನ ಕಿವಿಯಲ್ಲಿ ಗುಟ್ಟಾಗಿ ಹೇಳೋಣವೆಂದು ಕಾಯಬೇಡಿ.