ತಂತ್ರಾಂಶದಲ್ಲಿ ಕೂಡಿಬಿದ್ದ ನಿರುಪಯುಕ್ತ ಭಾಗಗಳು: ಪತ್ತೆ ಮತ್ತು ವಿಲೇವಾರಿ

ವರ್ಷಗಟ್ಟಲೆ ಕದಲದ ಸರಕನ್ನು ವರ್ತಕರು ದಾಸ್ತಾನು ಪರಿಶೀಲನೆಯಲ್ಲಿ ಗುರುತಿಸಿ ವಿಲೇವಾರಿ ಮಾಡುತ್ತಾರೆ. ಆದರೆ ತಮ್ಮ ಬಿಲ್ಲಿಂಗ್ ಹಾಗೂ ಲೆಕ್ಕಪತ್ರ ತಂತ್ರಾಂಶದಲ್ಲಿ ಉಳಿದಿರುವ, ಬಳಕೆ ತಪ್ಪಿದ ಪ್ರೋಗ್ರಾಂ ಭಾಗಗಳತ್ತ ಅವರ ಗಮನ ಹರಿಯುವುದು ವಿರಳ. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆಯೂ 2017ರ ಜುಲೈ 1ರಂದು ಜಿಎಸ್‌ಟಿಯೂ ಜಾರಿಗೆ ಬಂದವು. ಸಂಸ್ಥೆಗಾಗಿಯೇ ಬರೆಸಿದ ತಂತ್ರಾಂಶದಲ್ಲಿ ಪ್ರತಿಬಾರಿ ಹೊಸ ಲೆಕ್ಕಾಚಾರವನ್ನು ಸೇರಿಸಿ ಹಳೆಯದನ್ನು ಹಾಗೆಯೇ ಬಿಟ್ಟಿದ್ದರೆ, ಅದು ಇಂದಿಗೂ ಒಳಗೆ ಉಳಿದಿರುತ್ತದೆ.

ಒಂದು ದುಬಾರಿ ಪಾಠ

ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ‘ಪವರ್ ಪೆಗ್’ ಎಂಬ ಸೌಲಭ್ಯದ ಬಳಕೆಯನ್ನು 2003ರಲ್ಲಿ ನಿಲ್ಲಿಸಿತಾದರೂ ಅದರ ಪ್ರೋಗ್ರಾಂ ಅನ್ನು ತೆಗೆಯಲಿಲ್ಲ. 2005ರಲ್ಲಿ, ಆದೇಶದಷ್ಟು ಷೇರುಗಳ ವಹಿವಾಟು ಮುಗಿದೊಡನೆ ಅದನ್ನು ತಡೆಯುವ ಎಣಿಕೆಯ ಭಾಗವನ್ನು ಬೇರೆಡೆಗೆ ಸರಿಸಲಾಯಿತು. 2012ರಲ್ಲಿ ಹಳೆಯ ಸೌಲಭ್ಯವನ್ನು ಚಾಲೂ ಮಾಡುತ್ತಿದ್ದ ಸೂಚಕವನ್ನೇ ಹೊಸ ಕೆಲಸಕ್ಕೆ ಬಳಸಲಾಯಿತು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಪ್ರೋಗ್ರಾಂ ಅಳವಡಿಸುವುದು ತಪ್ಪಿಹೋಯಿತು. 2012ರ ಆಗಸ್ಟ್ 1ರಂದು ಆ ಸರ್ವರ್‌ನಲ್ಲಿ ಹಳೆಯ ಭಾಗ ಮತ್ತೆ ಜೀವ ತಳೆಯಿತು. ದೋಷ ಸರಿಪಡಿಸುವ ಯತ್ನದಲ್ಲಿ ಉಳಿದ ಏಳರಿಂದಲೂ ಹೊಸ ಪ್ರೋಗ್ರಾಂ ತೆಗೆದದ್ದರಿಂದ ಅಲ್ಲಿಯೂ ಹಳೆಯದೇ ಚಾಲನೆಗೊಂಡಿತು. ಕೇವಲ 212 ಆದೇಶಗಳಿಗೆ ಪ್ರತಿಯಾಗಿ ಸುಮಾರು 45 ನಿಮಿಷಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟುಗಳು ನಡೆದು, 46 ಕೋಟಿ ಡಾಲರ್‌ಗೂ ಮಿಗಿಲಾದ ನಷ್ಟ ಸಂಭವಿಸಿತು. 2013ರಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕರು 1.2 ಕೋಟಿ ಡಾಲರ್ ದಂಡವನ್ನೂ ವಿಧಿಸಿದರು.

ಪತ್ತೆ ಮಾಡುವ ಬಗೆ

ಮೊದಲನೆಯದಾಗಿ, ಪ್ರೋಗ್ರಾಂನ ಯಾವ ಭಾಗವನ್ನು ಬೇರಾವ ಭಾಗವೂ ಕರೆಯುವುದಿಲ್ಲ ಎಂಬುದನ್ನು ವಿಶ್ಲೇಷಣಾ ಸಾಧನಗಳು ಪಟ್ಟಿ ಮಾಡಬಲ್ಲವು. ಆದರೆ ಮೆನು ಅಥವಾ ಸೆಟ್ಟಿಂಗ್ಸ್ ಮೂಲಕ ಪರೋಕ್ಷವಾಗಿ ಚಾಲನೆಗೊಳ್ಳುವ ಭಾಗಗಳ ವಿಷಯದಲ್ಲಿ ಆ ಪಟ್ಟಿಯನ್ನೇ ನೆಚ್ಚುವಂತಿಲ್ಲ. ಆದ್ದರಿಂದ ಎರಡನೆಯದಾಗಿ, ಅನುಮಾನಾಸ್ಪದ ಭಾಗ ಚಾಲನೆಗೊಂಡಾಗಲೆಲ್ಲ ದಾಖಲೆಯಾಗುವಂತೆ ಏರ್ಪಡಿಸಬೇಕು. ಈ ನಿಗಾ ಒಂದು ಪೂರ್ಣ ಆರ್ಥಿಕ ವರ್ಷ ನಡೆಯುವುದು ಒಳಿತು. ವರ್ಷಾಂತ್ಯದ ಖಾತೆ ಮುಕ್ತಾಯ, ಸವಕಳಿ ಲೆಕ್ಕ ಮುಂತಾದವು ವರ್ಷಕ್ಕೊಮ್ಮೆ ಮಾತ್ರ ನಡೆಯಬಹುದು. ಅಪರೂಪಕ್ಕೆ ಬಳಕೆಯಾಗುವುದು ನಿರುಪಯುಕ್ತವಲ್ಲ.

ತೆಗೆಯುವ ಮುನ್ನ

ಮೂಲ ಪ್ರೋಗ್ರಾಂನ ಪ್ರತಿಯನ್ನು ಕಾಯ್ದಿರಿಸಿ, ಒಂದು ಬಾರಿಗೆ ಒಂದೇ ಭಾಗವನ್ನು ತೆಗೆಯಬೇಕು. ಪರೀಕ್ಷಾ ಪ್ರತಿಯಲ್ಲಿ ಹಿಂದಿನ ತಿಂಗಳ ವಹಿವಾಟನ್ನು ಮರಳಿ ಚಲಾಯಿಸಿ, ತಾಳೆಪಟ್ಟಿ ಹಾಗೂ ತೆರಿಗೆ ಮೊತ್ತಗಳು ಪೈಸೆಯವರೆಗೂ ಹೊಂದುತ್ತವೆಯೇ ಎಂದು ಪರಿಶೀಲಿಸಬೇಕು. ಸಂಬಂಧಿತ ಸೂಚಕವನ್ನೂ ಅದರೊಡನೆ ತೆಗೆಯಬೇಕು. ಅದನ್ನು ಮತ್ತೊಂದು ಕೆಲಸಕ್ಕೆ ಬಳಸಬಾರದು. ಬದಲಾವಣೆ ಎಲ್ಲ ಗಣಕಯಂತ್ರಗಳನ್ನೂ ತಲುಪಿದೆಯೇ ಎಂಬುದನ್ನು ಇನ್ನೊಬ್ಬರು ಖಚಿತಪಡಿಸಬೇಕು.

ಪ್ರೋಗ್ರಾಂ ತೆಗೆಯುವುದೆಂದರೆ ದಾಖಲೆಗಳನ್ನು ಅಳಿಸುವುದಲ್ಲ. ಜಿಎಸ್‌ಟಿ ಕಾಯಿದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಕಂಪನಿಗಳಿಗೆ ಹಿಂದಿನ 8 ಆರ್ಥಿಕ ವರ್ಷಗಳ ಲೆಕ್ಕಪುಸ್ತಕಗಳು ಕಡ್ಡಾಯ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶವು ತಿದ್ದುಪಡಿಗಳ ಜಾಡನ್ನು ದಾಖಲಿಸಲೇಬೇಕು. ಆ ವ್ಯವಸ್ಥೆಗೆ ಧಕ್ಕೆಯಾಗಕೂಡದು. ಹಳೆಯ ದಾಖಲೆಗಳನ್ನು ಓದಲು ಹಳೆಯ ಭಾಗವೇ ಬೇಕಿದ್ದಲ್ಲಿ, ಅವನ್ನು ಓದಬಲ್ಲ ರೂಪಕ್ಕೆ ಪರಿವರ್ತಿಸಿದ ನಂತರವೇ ಆ ಭಾಗವನ್ನು ತೆಗೆಯುವುದು ಸೂಕ್ತ.

ತಂತ್ರಾಂಶದ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನವೀಕರಿಸುವಾಗ ಈ ಶುಚಿಕಾರ್ಯವನ್ನೂ ಒಂದು ಷರತ್ತಾಗಿ ಸೇರಿಸಿದಲ್ಲಿ, ಅಲ್ಪ ವೆಚ್ಚದಲ್ಲಿ ದೊಡ್ಡ ಅಪಾಯವೊಂದನ್ನು ತಪ್ಪಿಸಬಹುದು.