ಮಲ್ಪೆಯ ಬಿಸಿಲಲ್ಲಿ ಕಂಡ ನುವಾರ್

ಹಂಫ್ರಿ ಬೋಗಾರ್ಟ್ ಪತ್ತೇದಾರನಾಗಿ ನಟಿಸಿದ 'ದಿ ಬಿಗ್ ಸ್ಲೀಪ್' 1946ರಲ್ಲಿ ತೆರೆಗೆ ಬಂದಾಗ 'ನ್ಯೂಯಾರ್ಕ್ ಟೈಮ್ಸ್'ನ ಬಾಸ್ಲಿ ಕ್ರೌಥರ್ ಅವರಿಗೆ ಕತೆಯ ತಲೆಬುಡ ಹತ್ತಲಿಲ್ಲ, ಹಾಗೆಂದೇ ಬರೆದರು. ಅವರನ್ನು ದೂರುವಂತಿಲ್ಲ. ಕಾರಿನ ಡ್ರೈವರನನ್ನು ಕೊಂದವರು ಯಾರೆಂದು ಚಿತ್ರತಂಡ ವಿಚಾರಿಸಿದರೆ, ಮೂಲ ಕಾದಂಬರಿ ಬರೆದ ರೇಮಂಡ್ ಚಾಂಡ್ಲರ್‌ಗೇ ಗೊತ್ತಿರಲಿಲ್ಲವಂತೆ! ಅದೇ ವರ್ಷ ಪ್ಯಾರಿಸ್ಸಿಗೆ, ಯುದ್ಧಕಾಲದಲ್ಲಿ ಬಾರದೆ ಉಳಿದಿದ್ದ 'ದಿ ಮಾಲ್ಟೀಸ್ ಫಾಲ್ಕನ್' (1941) ಮುಂತಾದ ಅಮೆರಿಕನ್ ಚಿತ್ರಗಳು ಒಟ್ಟಿಗೇ ಬಂದಿಳಿದವು. ಅವನ್ನು ನೋಡಿದ ವಿಮರ್ಶಕ ನಿನೊ ಫ್ರಾಂಕ್ 'ಫಿಲ್ಮ್ ನುವಾರ್', ಅಂದರೆ ಕಪ್ಪು ಚಿತ್ರ, ಎಂದು ಕರೆದರು. ಚಿತ್ರ ಮಾಡಿದವರಿಗೆ ಆ ಹೆಸರಿನ ಸುಳಿವೂ ಇರಲಿಲ್ಲ.

ಬಂದಾಗ ಅರ್ಥವಾಗದೆ, ಆಮೇಲೆ ಗುರುತಿಸಿಕೊಳ್ಳುವ ಇಂಥ ಪೇಚಿಗೆ ಕನ್ನಡದಲ್ಲಿ ಸಿಕ್ಕಿದ್ದು ರಕ್ಷಿತ್ ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ 'ಉಳಿದವರು ಕಂಡಂತೆ'. 2014ರ ಮಾರ್ಚ್‌ನಲ್ಲಿ ಬಂದ ಈ ಚಿತ್ರ ಚಿತ್ರಮಂದಿರಗಳಲ್ಲಿ ಹೆಚ್ಚು ನಿಲ್ಲಲಿಲ್ಲ. ಒಂದೇ ಘಟನೆಯನ್ನು ಹಲವರ ಬಾಯಲ್ಲಿ ಹೇಳಿಸುವ ಕುರೊಸಾವನ 'ರಶೋಮನ್' ನೆನೆದು ಹೊಗಳಿದವರಿದ್ದರು. ಉದ್ದವಾಯಿತು, ಕರಾವಳಿಯ ಮಾತು ತಿಳಿಯದು ಎಂದವರೂ ಇದ್ದರು. ಆಮೇಲೆ ಮನೆಯ ಪರದೆಗಳಲ್ಲಿ ಮತ್ತೆಮತ್ತೆ ನೋಡಿದ ಹುಡುಗರು ಅದಕ್ಕೊಂದು ಅಭಿಮಾನಿ ಬಳಗವನ್ನೇ ಕಟ್ಟಿದರು. ರಕ್ಷಿತ್ ನಟಿಸಿದ ರಿಚಿಯ ಮಾತುಗಳು ಅವರಿಗೆ ಬಾಯಿಪಾಠ.

ಈ ಚಿತ್ರವನ್ನು ನುವಾರ್ ಎನ್ನುವಾಗ ತಕರಾರು ಬರುವುದು ಸಹಜ. ಪತ್ತೇದಾರನಿಲ್ಲ, ಶೀತಲ್ ಶೆಟ್ಟಿ ನಟಿಸಿದ ಪತ್ರಕರ್ತೆಯೊಬ್ಬಳು ನಡೆದದ್ದೇನೆಂದು ಜನರನ್ನು ಕೇಳುತ್ತಾ ಹೋಗುತ್ತಾಳೆ, ಅಷ್ಟೇ. ಮಬ್ಬುಗತ್ತಲ ಓಣಿಗಳ ಬದಲು ಮಲ್ಪೆಯ ದೋಣಿ, ಅಷ್ಟಮಿಯ ಗದ್ದಲ, ಹುಲಿವೇಷದ ಹಳದಿ. ಆದರೆ ಬೋಗಾರ್ಟ್‌ನ ಟೋಪಿಗೂ ಸಿಗರೇಟಿನ ಹೊಗೆಗೂ ನಾವು ಬೇಕಿದ್ದಕ್ಕಿಂತ ಹೆಚ್ಚು ಬೆಲೆ ಕೊಟ್ಟಿದ್ದೇವೆ ಎಂದು ನನಗನ್ನಿಸುತ್ತದೆ. ಚಿತ್ರದ ರಾಘು, ಮುನ್ನಾ, ಬಾಲು ಒಬ್ಬೊಬ್ಬರೂ ಬದುಕಿನಲ್ಲಿ ಒಂದೇ ಸಲ ಆಸೆಪಟ್ಟದ್ದಕ್ಕೆ ಕೈಚಾಚುತ್ತಾರೆ. ಆ ಕೈಯೇ ಅವರನ್ನು ಕೆಡವುತ್ತದೆ. ಹೇಳುವವರು ತಮಗೆ ಕಂಡಷ್ಟನ್ನೇ ಹೇಳುತ್ತಾರೆ, ಪೂರ್ತಿ ಲೆಕ್ಕ ಯಾರೂ ಒಪ್ಪಿಸುವುದಿಲ್ಲ. ನುವಾರಿನ ಕತ್ತಲೆಗೆ ರಾತ್ರಿಯೇ ಆಗಬೇಕಿಲ್ಲ.

ಹೇಮಂತ್ ರಾವ್ ಅವರ 'ಕವಲುದಾರಿ'ಗೆ (2019) ಈ ಕಷ್ಟ ಬರಲಿಲ್ಲ. ಮಳೆ, ಬೀದಿದೀಪ, ಅಗೆತದಲ್ಲಿ ಸಿಕ್ಕ ಮೂಳೆಗಳು, ಹಳೇ ಕೇಸು ಬಿಡಲಾರದ ನಿವೃತ್ತ ಪೊಲೀಸ್ ಅನಂತ್ ನಾಗ್: ನುವಾರ್ ಎಂದು ಗುರುತಿಸುವುದು ಸುಲಭವಾಗಿತ್ತು, ಮೆಚ್ಚುಗೆಯೂ ಬೇಗ ಸಿಕ್ಕಿತು. ಅಚ್ಚುಕಟ್ಟಾದ ಚಿತ್ರ, ನಿಜ. ಆದರೆ ಅಲ್ಲಿ ಅಪರಾಧಿ ಪತ್ತೆಯಾಗುತ್ತಾನೆ, ಪ್ರೇಕ್ಷಕ ನೆಮ್ಮದಿಯಾಗಿ ಎದ್ದು ಬರುತ್ತಾನೆ. ಮಲ್ಪೆಯ ಚಿತ್ರ ಆ ನೆಮ್ಮದಿ ಕೊಡಲಿಲ್ಲ. 2014ರಲ್ಲಿ ಟಿಕೆಟ್ ಕೊಂಡವರಿಗೆ ಸಿಟ್ಟು ಬಂದದ್ದು ಅದಕ್ಕೇ ಇರಬೇಕು.