ಕೈ ಬಿಟ್ಟರೂ ಬಿಡದ ಹಗ್ಗ

ಮೇ ತಿಂಗಳು ಬಂತೆಂದರೆ ನಮ್ಮ ಕರಾವಳಿಯಲ್ಲಿ ಮರ ಹತ್ತುವವರಿಗೆ ಎಲ್ಲಿಲ್ಲದ ಬೇಡಿಕೆ. ಮಳೆ ಹಿಡಿಯುವ ಮೊದಲು ಹಂಚಿನ ಮೇಲೆ ಬಾಗಿದ ಮಾವಿನ ಗೆಲ್ಲು, ಕರೆಂಟಿನ ತಂತಿಗೆ ತಾಗುವ ಹಲಸಿನ ಗೆಲ್ಲು ಕಡಿಸಬೇಕು. ಲುಂಗಿ ಎತ್ತಿ ಕಟ್ಟಿ, ಕತ್ತಿ ಸೊಂಟಕ್ಕೆ ಸಿಕ್ಕಿಸಿ ಬರಿಗಾಲಲ್ಲಿ ಏರುವವರನ್ನು ನಾವೆಲ್ಲರೂ ನೋಡಿದ್ದೇವೆ. ನಾನು ನೋಡಿದವರ ಬಳಿ ಹಗ್ಗವೂ ಇರುತ್ತಿತ್ತು. ಆದರೆ ಅದು ಗೆಲ್ಲನ್ನು ಕಟ್ಟಿ ಇಳಿಸಲು, ತಮ್ಮನ್ನು ಕಟ್ಟಿಕೊಳ್ಳಲು ಅಲ್ಲ.

ಅವರ ಅನುಭವ ದೊಡ್ಡದು. ಆದರೂ ಒಂದು ಒಣ ಗೆಲ್ಲು ಮುರಿದರೆ, ಒಂದು ಕಣಜ ಕಚ್ಚಿದರೆ ಕೈ ಜಾರುತ್ತದೆ. ಕೇವಲ 5 ಮೀಟರ್ ಎತ್ತರದಿಂದ ಬಿದ್ದವರು ನೆಲ ಮುಟ್ಟುವಾಗ ಗಂಟೆಗೆ ಸುಮಾರು 36 ಕಿ.ಮೀ. ವೇಗದಲ್ಲಿರುತ್ತಾರೆ. ಪ್ರಥಮ ಪಿಯುಸಿಯಲ್ಲಿ ಕಲಿತ ಸೂತ್ರ ಹಾಕಿ ನೀವೇ ಲೆಕ್ಕ ಮಾಡಿ ನೋಡಬಹುದು.

ತೆಂಗು ಹತ್ತಲು ಈಗ ಕಾಲಿನಿಂದ ತುಳಿಯುವ ಯಂತ್ರಗಳಿವೆ. ಗೆಲ್ಲುಗಳಿಲ್ಲದ ನೇರ ಕಾಂಡಕ್ಕೆ ಅವು ಸರಿ. ಮಾವು, ಹಲಸು, ಮಳೆಮರಗಳಂಥ ಕವಲೊಡೆದ ಮರಗಳಲ್ಲಿ ಅವು ನಡೆಯುವುದಿಲ್ಲ. ಅಲ್ಲಿ ಬೇಕಾಗುವುದು ಹಗ್ಗದ ವಿದ್ಯೆ. ಬ್ರಿಟನ್, ಜರ್ಮನಿ, ಅಮೆರಿಕ ಮುಂತಾದ ದೇಶಗಳಲ್ಲಿ ಮರಗಳನ್ನು ಸವರಿ, ಆರೈಕೆ ಮಾಡುವುದೇ ಒಂದು ತರಬೇತಿ ಪಡೆದ ವೃತ್ತಿ. ಅವರನ್ನು ಆರ್ಬರಿಸ್ಟ್ ಅಥವಾ ಮರದ ವೈದ್ಯರು ಎನ್ನುತ್ತಾರೆ. ಅವರು ಹತ್ತುವ ವಿಧಾನವನ್ನು ಓದುತ್ತಾ ಹೋದಂತೆ, ಅದರ ಹಿಂದೆ ಇರುವುದು ನಮ್ಮ ಪಠ್ಯದ ಘರ್ಷಣೆ ಮತ್ತು ರಾಟೆಯ ಪಾಠವೇ ಎಂಬುದು ನನಗೆ ಸ್ಪಷ್ಟವಾಯಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಸುತ್ತು ಹೆಚ್ಚಿದಂತೆ ಹಿಡಿತ

ಬಂದರಿನಲ್ಲಿ ದೋಣಿ ಕಟ್ಟುವವರು ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಹಾಕಿ, ತುದಿಯನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಪ್ರತಿ ಸುತ್ತಿಗೂ ಘರ್ಷಣೆಯ ಹಿಡಿತ ಕೂಡುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣಾಂಕ 0.3 ಎಂದು ಇಟ್ಟುಕೊಳ್ಳೋಣ. ಆಗ ಒಂದು ಸುತ್ತಿನಲ್ಲಿ 100 ಕಿಲೋ ತೂಕವನ್ನು ಸುಮಾರು 15 ಕಿಲೋದಷ್ಟು ಬಲದಿಂದ ತಡೆಯಬಹುದು. ಎರಡು ಸುತ್ತಾದರೆ ಎರಡೂವರೆ ಕಿಲೋಗಿಂತ ಕಡಿಮೆ ಸಾಕು. ಕಡಿದ ಗೆಲ್ಲನ್ನು ನಿಧಾನವಾಗಿ ಕೆಳಗಿಳಿಸಲು ಹಗ್ಗವನ್ನು ಕಾಂಡಕ್ಕೆ ಸುತ್ತುವುದು ಇದೇ ಕಾರಣಕ್ಕೆ.

ಹತ್ತುವವರನ್ನು ಕಾಯುವ ಗಂಟು ಕೂಡ ಇದೇ ತತ್ತ್ವದ್ದು. ದಪ್ಪ ಹಗ್ಗದ ಮೇಲೆ ತೆಳು ಹಗ್ಗವನ್ನು ಹಲವು ಸುತ್ತು ಸುತ್ತಿದ ಗಂಟಿಗೆ ಘರ್ಷಣೆ ಗಂಟು ಎನ್ನೋಣ. ಅದರ ಮೇಲೆ ಭಾರ ಬಿದ್ದರೆ ಸುತ್ತುಗಳು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ, ಭಾರ ತೆಗೆದರೆ ಸಡಿಲವಾಗಿ ಜಾರುತ್ತವೆ. ಇವುಗಳಲ್ಲಿ ಹೆಸರಾದದ್ದು ಪ್ರೂಸಿಕ್ ಗಂಟು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಇದನ್ನು ಪರಿಚಯಿಸಿದರು. ಮರದ ಕೆಲಸದಲ್ಲಿ ಬ್ಲೇಕ್ಸ್ ಹಿಚ್ ಮುಂತಾದ ಬೇರೆ ಗಂಟುಗಳೂ ಬಳಕೆಯಲ್ಲಿವೆ.

ನೀವೂ ಮಾಡಿ ನೋಡಿ. ಕಿಟಕಿಯ ಸರಳಿಗೆ ಒಂದು ದಪ್ಪ ಹಗ್ಗ ಕಟ್ಟಿ ಇಳಿಬಿಡಿ. ಅದರ ಅರ್ಧದಷ್ಟು ದಪ್ಪದ ಹಗ್ಗದ ಎರಡೂ ತುದಿ ಸೇರಿಸಿ ಗಂಟು ಹಾಕಿ, ಬಳೆಯಂತೆ ಮಾಡಿಕೊಳ್ಳಿ. ಆ ಬಳೆಯನ್ನು ದಪ್ಪ ಹಗ್ಗದ ಹಿಂದೆ ಇಟ್ಟು, ಅದರ ಒಂದು ಬದಿಯನ್ನು ಇನ್ನೊಂದು ಬದಿಯ ಒಳಗಿನಿಂದ ಮೂರು ಸಲ ಸುತ್ತಿ ಹೊರಗೆಳೆಯಿರಿ. ಸುತ್ತುಗಳು ಒಂದರ ಮೇಲೊಂದು ಹತ್ತದಂತೆ ಸರಿಪಡಿಸಿ, ನೀರು ತುಂಬಿದ ಬಾಟಲಿ ತೂಗು ಹಾಕಿ. ನಾವು ಮೂವರು ಗೆಳೆಯರು ಇದನ್ನು ಲ್ಯಾಬಿನಲ್ಲಿ ಮಾಡಿದೆವು. ಮೂರು ಸುತ್ತಿನಲ್ಲಿ ಬಾಟಲಿ ಅಲುಗಲಿಲ್ಲ. ಒಂದೇ ಸುತ್ತು ಹಾಕಿದಾಗ ಸರ್ರನೆ ಕೆಳಗೆ ಜಾರಿತು. ಪ್ರಯೋಗ ಬಾಟಲಿಗೆ ಮಾತ್ರ, ದಯವಿಟ್ಟು ಯಾರೂ ತಾವೇ ತೂಗಾಡಬೇಡಿ.

ಹತ್ತುವ ಎರಡು ದಾರಿಗಳು

ಮೊದಲು ನೆಲದಲ್ಲೇ ನಿಂತು, ತೆಳುವಾದ ದಾರ ಕಟ್ಟಿದ ಸಣ್ಣ ತೂಕದ ಚೀಲವನ್ನು ಗಟ್ಟಿ ಗೆಲ್ಲಿನ ಕವಲಿನ ಮೇಲಿಂದ ದಾಟುವಂತೆ ಎಸೆಯುತ್ತಾರೆ. ಆ ದಾರಕ್ಕೆ ಹತ್ತುವ ಹಗ್ಗ ಕಟ್ಟಿ ಮೇಲೆಳೆಯುತ್ತಾರೆ. ಅಂದರೆ ಮನುಷ್ಯನಿಗಿಂತ ಮೊದಲು ಹಗ್ಗ ಮರ ಹತ್ತುತ್ತದೆ. ಬಳಿಕ ಇಬ್ಬರು ಒಟ್ಟಿಗೆ ಜೋತುಬಿದ್ದು ಗೆಲ್ಲು ತಾಳುತ್ತದೆಯೇ ಎಂದು ಪರೀಕ್ಷಿಸುತ್ತಾರೆ.

ಒಂದು ವಿಧಾನದಲ್ಲಿ ಹಗ್ಗ ಚಲಿಸುತ್ತದೆ. ಗೆಲ್ಲಿನ ಮೇಲಿಂದ ಬಂದ ಹಗ್ಗದ ಒಂದು ತುದಿ ನೇರವಾಗಿ ಸೊಂಟದ ಪಟ್ಟಿಗೆ, ಇನ್ನೊಂದು ಬದಿ ಘರ್ಷಣೆ ಗಂಟಿನ ಮೂಲಕ ಅದೇ ಪಟ್ಟಿಗೆ ಸೇರುತ್ತದೆ. ಭಾರ ಎರಡು ಎಳೆಗಳಲ್ಲಿ ಹಂಚಿಹೋಗುವುದರಿಂದ, ಗೆಲ್ಲಿನ ಘರ್ಷಣೆ ಬಿಟ್ಟರೆ, ಅರ್ಧ ತೂಕದಷ್ಟು ಎಳೆದರೆ ಸಾಕು. ಆದರೆ 1 ಮೀಟರ್ ಏರಲು 2 ಮೀಟರ್ ಹಗ್ಗ ಎಳೆಯಬೇಕು. ಹಗ್ಗ ಉಜ್ಜಿ ತೊಗಟೆ ಸುಲಿಯದಂತೆ, ಉಂಗುರಗಳಿರುವ ಒಂದು ಪಟ್ಟಿಯನ್ನು ಗೆಲ್ಲಿನ ಮೇಲೆ ಕೂರಿಸಿ ಅದರೊಳಗಿಂದ ಹಗ್ಗ ಹಾಯಿಸುತ್ತಾರೆ.

ಇನ್ನೊಂದರಲ್ಲಿ ಹಗ್ಗ ನಿಂತಿರುತ್ತದೆ. ಪಾದಕ್ಕೂ ಮಂಡಿಗೂ ಹಲ್ಲುಗಳಿರುವ ಹಿಡಿಕೆಗಳನ್ನು ಕಟ್ಟಿಕೊಂಡು, ಮೆಟ್ಟಿಲು ಹತ್ತಿದಂತೆ ಕಾಲಿನ ಬಲದಿಂದ ಏರುತ್ತಾರೆ. ಎತ್ತರದ ಮರಕ್ಕೆ ಇದು ಬೇಗ, ಆಯಾಸವೂ ಕಡಿಮೆ. ಆದರೆ ಒಂದು ಎಚ್ಚರಿಕೆ ಇದೆ. ಹಗ್ಗದ ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಕಟ್ಟಿದ್ದರೆ, ಮೇಲಿನ ಗೆಲ್ಲಿನ ಮೇಲೆ ಹತ್ತುವವರ ತೂಕದ ಸುಮಾರು ಎರಡು ಪಟ್ಟು ಬೀಳುತ್ತದೆ. 70 ಕಿಲೋ ಮನುಷ್ಯ, ಗೆಲ್ಲಿಗೆ 140 ಕಿಲೋ. ರಾಟೆಯ ಪಾಠ ಮರೆತರೆ ಇಲ್ಲಿ ಅಂಕ ಹೋಗುವುದಿಲ್ಲ, ಪ್ರಾಣ ಹೋಗುತ್ತದೆ.

ಸಲಕರಣೆಗಳು

ಹಗ್ಗ: ಒಳಗೆ ತಿರುಳು, ಹೊರಗೆ ಹೆಣೆದ ಕವಚ ಇರುವ 11ರಿಂದ 13 ಮಿ.ಮೀ. ದಪ್ಪದ ಹಗ್ಗ ಸಾಮಾನ್ಯ. ಇಂಥ ಕೆಲಸದ ಹಗ್ಗಗಳಿಗೆ ಯುರೋಪಿನ ಮಾನದಂಡ ಕೇಳುವ ಬಲ 22 ಕಿಲೋನ್ಯೂಟನ್, ಎಂದರೆ ಎರಡು ಟನ್‌ಗೂ ಹೆಚ್ಚಿನ ಭಾರ. ಅಂಗಡಿಯ ತೆಂಗಿನ ನಾರಿನ ಹಗ್ಗವಾಗಲಿ ಬಟ್ಟೆ ಒಣಗಿಸುವ ನೈಲಾನ್ ಹಗ್ಗವಾಗಲಿ ಇದಕ್ಕೆ ಬದಲಿ ಅಲ್ಲ. ಈ ಹಗ್ಗ ಹೆಚ್ಚು ಹಿಗ್ಗುವುದಿಲ್ಲ, ಆದ್ದರಿಂದ ಬೀಳುವ ಹೊಡೆತವನ್ನು ನುಂಗುವುದೂ ಇಲ್ಲ. ಅದಕ್ಕಾಗಿ ಆಧಾರ ಯಾವಾಗಲೂ ತಲೆಗಿಂತ ಮೇಲಿರಬೇಕು, ಹಗ್ಗ ಸಡಿಲ ಬಿಡಬಾರದು.

ಗಂಟಿನ ಹಗ್ಗ: ವೇಗವಾಗಿ ಇಳಿದರೆ ಘರ್ಷಣೆಯಿಂದ ಗಂಟು ಬಿಸಿಯಾಗುತ್ತದೆ. ನೈಲಾನ್ ಕರಗಬಹುದು. ಹಾಗಾಗಿ ಶಾಖ ತಾಳುವ ಅರಾಮಿಡ್ ನಾರು ಸೇರಿಸಿದ ಹಗ್ಗ ಬಳಸುತ್ತಾರೆ, ನಿಧಾನವಾಗಿಯೇ ಇಳಿಯುತ್ತಾರೆ.

ಹಾರ್ನೆಸ್ ಮತ್ತು ಕೊಕ್ಕೆಗಳು: ಸೊಂಟ, ತೊಡೆಗಳನ್ನು ಒಟ್ಟಿಗೆ ಹಿಡಿಯುವ ಪಟ್ಟಿಯೇ ಹಾರ್ನೆಸ್. ಅದಕ್ಕೆ ಜೋಡಿಸುವ ಕ್ಯಾರಬಿನರ್ ಎಂಬ ಕೊಕ್ಕೆ ತಾನಾಗಿ ಬೀಗ ಹಾಕಿಕೊಳ್ಳುವಂಥದ್ದಾಗಿರಬೇಕು. ಎಲೆ ಗೆಲ್ಲು ತಾಗಿ ತೆರೆದುಕೊಳ್ಳಬಾರದು.

ಮೊಳೆಯ ಬೂಟು: ಕಾಂಡಕ್ಕೆ ಚುಚ್ಚಿ ಏರುವ ಈ ಬೂಟನ್ನು ಕಡಿದುರುಳಿಸುವ ಮರಕ್ಕೆ ಮಾತ್ರ ಬಳಸಬೇಕು. ಉಳಿಯಬೇಕಾದ ಮರಕ್ಕೆ ಪ್ರತಿ ಚುಚ್ಚೂ ಗಾಯ.

ಬ್ರಿಟನ್‌ನಲ್ಲಿ 1998ರ ನಿಯಮದಂತೆ, ಮನುಷ್ಯರನ್ನು ಹೊರುವ ಇಂಥ ಸಲಕರಣೆಗಳನ್ನು ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ತಿಳಿದವರಿಂದ ಪರೀಕ್ಷಿಸಬೇಕು. ಪ್ರತಿದಿನ ಹತ್ತುವ ಮೊದಲು ಹತ್ತುವವರೇ ಹಗ್ಗವನ್ನು ಮೊಳ ಮೊಳವಾಗಿ ಕೈಯಲ್ಲಿ ಸವರಿ ನೋಡುತ್ತಾರೆ.

ಎಲ್ಲವೂ ಎರಡು

ಕಡಿಯುವ ಮೊದಲು ಎರಡು ಕಡೆ ಕಟ್ಟಿಕೊಳ್ಳಬೇಕು. ಹತ್ತುವ ಹಗ್ಗದ ಜೊತೆ, ಕಾಂಡವನ್ನು ಬಳಸಿ ಸೊಂಟಕ್ಕೆ ಬರುವ ಇನ್ನೊಂದು ಪಟ್ಟಿ. ಗರಗಸ ತಪ್ಪಿ ಒಂದು ಕತ್ತರಿಸಿದರೂ ಇನ್ನೊಂದು ಹಿಡಿಯುತ್ತದೆ. ಎರಡು ಕಡೆ ಕಟ್ಟಿಕೊಂಡರೆ ಎರಡೂ ಕೈ ಗರಗಸಕ್ಕೆ ಸಿಗುತ್ತವೆ. ಹಾಗೆಯೇ ಕೆಲಸಕ್ಕೆ ಇಬ್ಬರು ಬೇಕು. ಕೆಳಗಿರುವವರಿಗೂ ಹತ್ತಿ ಇಳಿಸುವ ವಿದ್ಯೆ ಗೊತ್ತಿರಬೇಕು. ಪ್ರಜ್ಞೆ ತಪ್ಪಿ ಹಾರ್ನೆಸ್‌ನಲ್ಲಿ ನೇತಾಡುವವರ ರಕ್ತ ಕಾಲಿನಲ್ಲೇ ನಿಂತು, ಕೆಲವೇ ನಿಮಿಷಗಳಲ್ಲಿ ಅಪಾಯವಾಗಬಹುದು. ಪೇಟೆಯಿಂದ ನೆರವು ಬರುವ ತನಕ ಕಾಯುವಂತಿಲ್ಲ.

ನಾವೇನು ಮಾಡಬಹುದು?

ಈ ಸಲಕರಣೆ, ತರಬೇತಿ ನಮ್ಮೂರಿನ ಪ್ರತಿಯೊಬ್ಬ ಕೆಲಸಗಾರರಿಗೂ ನಾಳೆಯೇ ಸಿಗಲಾರದು. ಆದರೆ ಮರ ಕಡಿಸುವವರು ನಾವು. ಬುಡದಲ್ಲಿ ಅಣಬೆ ಎದ್ದಿದೆಯೇ, ಪೊಟರೆ ಇದೆಯೇ, ಒಣ ಗೆಲ್ಲು ಯಾವುದು ಎಂದು ಅವರೊಡನೆ ನಿಂತು ನೋಡಬಹುದು. ತಂತಿ ಹತ್ತಿರವಿದ್ದರೆ ಮೆಸ್ಕಾಂಗೆ ತಿಳಿಸಿ ಲೈನ್ ಆಫ್ ಮಾಡಿಸದೆ ಹತ್ತಲು ಬಿಡಬಾರದು. ಗಾಳಿ ಮಳೆಯ ದಿನ "ಇವತ್ತೇ ಮುಗಿಸಿ" ಎಂದು ಒತ್ತಾಯಿಸಬಾರದು. ಮಕ್ಕಳನ್ನು ಮರದಡಿಯಿಂದ ದೂರವಿಡಬೇಕು. ಕೂಲಿಯ ಮಾತಾಡುವಾಗ, ಹಾರ್ನೆಸ್ ಹಾಕಿ ಬರುವವರು ಸ್ವಲ್ಪ ಹೆಚ್ಚು ಕೇಳಿದರೆ ಚೌಕಾಸಿ ಮಾಡದೆ ಕೊಡಬೇಕು.

ಮರ ಹತ್ತುವವರ ಮಕ್ಕಳು ನಮ್ಮ ತರಗತಿಗಳಲ್ಲೂ ಇದ್ದಾರೆ. ಸಂಜೆ ಅವರ ತಂದೆ ಮನೆಗೆ ಮರಳುವುದಕ್ಕೆ ಬರಿಯ ಅಭ್ಯಾಸವಷ್ಟೇ ಆಧಾರವಾಗಬಾರದು. ಈ ಲೇಖನ ಓದಿದವರು ಮನೆಯಲ್ಲಿ ಒಮ್ಮೆ ಈ ವಿಷಯ ಮಾತಾಡಿ, ಮುಂದಿನ ಮೇ ತಿಂಗಳಿಗೆ ಮುಂಚೆಯೇ.